ನಮ್ಮ ಅಡುಗೆಮನೆ: ಮೊಟ್ಟೆಯಿಲ್ಲದ ಚಾಕಲೇಟ್ ಕುಕ್ಕಿ

ಕಳೆದ ಬೇಸಿಗೆಯಲ್ಲಿ ಮದುವೆಗೆಂದು ನಾವು ಸೊಲ್ಲಾಪುರದಿಂದ ಪುಣೆಗೆ ಹೋಗಿದ್ದೆವು. ಅಲ್ಲಿ ಒಂದು ಹೋಟೆಲಿನಲ್ಲಿ ಮೊಮ್ಮಗ ಚಾಕಲೇಟ್ ಕುಕ್ಕಿ ಬೇಕೆಂದ. ತಟ್ಟೆ ಬಂತು, ಹುಡುಗ ಅರ್ಧ ತಿಂದೂ ಆಯಿತು. ಆಮೇಲೆ ಸಂಶಯ ಬಂದು ವಿಚಾರಿಸಿದರೆ, ಅದರಲ್ಲಿ ಮೊಟ್ಟೆ ಇದೆ ಎಂದರು. ಮೊದಲೇ ಕೇಳದಿದ್ದುದು ನಮ್ಮದೇ ತಪ್ಪು. ಹುಡುಗ ಉಳಿದರ್ಧವನ್ನು ತಟ್ಟೆಯಲ್ಲಿಟ್ಟು ಸುಮ್ಮನೆ ಕುಳಿತ. ಹಟ ಮಾಡಿದರೆ ಗದರಬಹುದು, ಸುಮ್ಮನಾದ ಮಗುವಿಗೆ ಏನು ಹೇಳುವುದು? ಊರಿಗೆ ಬಂದ ಮೇಲೆ ನಮ್ಮ ಅತ್ತೆಯವರು, "ಬ್ಯಾಡ ಬ್ಯಾಡ ಅಂತ ಎಷ್ಟ ದಿನಾ ಅಂತೀರಿ? ಮನ್ಯಾಗ ಮಾಡಿ ಕೊಡ್ರಿ" ಎಂದರು.

ಈ ತಿಂಡಿ ಹುಟ್ಟಿದ್ದೂ ಹೋಟೆಲಿನಲ್ಲಿಯೇ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಟ್‌ಮನ್ ಎಂಬ ಊರಿನಲ್ಲಿ 'ಟೋಲ್ ಹೌಸ್' ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಎಂಬಾಕೆ 1930ರ ದಶಕದಲ್ಲಿ ಚಾಕಲೇಟ್ ಗಟ್ಟಿಯನ್ನು ಚೂರು ಮಾಡಿ ಹಿಟ್ಟಿಗೆ ಬೆರೆಸಿದರು. ಮೂಲ ಪಾಕದಲ್ಲಿ ಮೊಟ್ಟೆಯ ಕೆಲಸ ಹಿಟ್ಟನ್ನು ಹಿಡಿದಿಡುವುದು, ತೇವ ಕೊಡುವುದು. ನಮಗೆ ಹಾಲು ಮತ್ತು ಕಾರ್ನ್‌ಫ್ಲೋರ್ ಸಾಕು.

ಮೊದಲ ಸಲ ಮನೆಯ ತುಪ್ಪ ಹಾಕಿದೆವು. ಆದದ್ದು ನಾನಖಟಾಯಿ! ತುಪ್ಪದಲ್ಲಿ ನೀರಿನಂಶವಿಲ್ಲ, ಆದ್ದರಿಂದ ಉದುರುದುರು. ಎರಡನೆಯ ಸಲ ಬೆಣ್ಣೆಯನ್ನು ಒಲೆಯ ಮೇಲೆ ಕರಗಿಸಿದೆವು. ಎಲ್ಲವೂ ಹರಿದು ಕೂಡಿ ಒಂದೇ ಹಪ್ಪಳವಾಯಿತು. ಹುಡುಗ ಅದನ್ನೂ ಮುರಿದು ತಿಂದ, ಆ ಮಾತು ಬೇರೆ.

ಮೂರನೆಯ ಸಲ ಕೈ ಹತ್ತಿತು. ಮೆತ್ತಗಿನ, ಆದರೆ ಕರಗದ ಬೆಣ್ಣೆ 100 ಗ್ರಾಂ, ಕಂದು ಸಕ್ಕರೆ 70 ಗ್ರಾಂ, ಬಿಳಿ ಸಕ್ಕರೆ ಪುಡಿ 50 ಗ್ರಾಂ. ಇವನ್ನು ಬಣ್ಣ ತಿಳಿಯಾಗುವ ತನಕ ಚೆನ್ನಾಗಿ ನಾದಬೇಕು. ಕಂದು ಸಕ್ಕರೆ ಸಿಗದಿದ್ದರೆ ಬೆಲ್ಲದ ಪುಡಿ ನಡೆಯುತ್ತದೆ. ಮೆತ್ತಗಿನ ಗುಣ ಬರುವುದೇ ಇದರಿಂದ. 2 ದೊಡ್ಡ ಚಮಚ ಹಾಲು ಸೇರಿಸಿರಿ. ಜರಡಿ ಹಿಡಿದ ಮೈದಾ 150 ಗ್ರಾಂ, ಕಾರ್ನ್‌ಫ್ಲೋರ್ 1 ದೊಡ್ಡ ಚಮಚ, ಅಡುಗೆ ಸೋಡಾ ಅರ್ಧ ಸಣ್ಣ ಚಮಚ ಬೆರೆಸಿ ಹಗುರವಾಗಿ ಕೂಡಿಸಿರಿ. ಪೇಟೆಯ ಬೆಣ್ಣೆಯಲ್ಲಿ ಉಪ್ಪಿದ್ದರೆ ಮತ್ತೆ ಉಪ್ಪು ಬೇಡ. ಕೊನೆಗೆ ಚಾಕಲೇಟ್ ಚೂರು 100 ಗ್ರಾಂ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿಯೇ ಕೊಳ್ಳಿರಿ.

ಹಿಟ್ಟನ್ನು ಫ್ರಿಜ್ಜಿನಲ್ಲಿ ಒಂದು ತಾಸು ಇಡಲೇಬೇಕು. ಇಲ್ಲದಿದ್ದರೆ ಮತ್ತೆ ಹಪ್ಪಳ. ನಿಂಬೆ ಗಾತ್ರದ ಉಂಡೆಗಳನ್ನು ದೂರ ದೂರ ಇಟ್ಟು 175 ಡಿಗ್ರಿ ಕಾದ ಓವನ್ನಿನಲ್ಲಿ 11-13 ನಿಮಿಷ ಬೇಯಿಸಿರಿ. ಓವನ್ ಇಲ್ಲದವರು ದಪ್ಪ ಕಡಾಯಿಯಲ್ಲಿ ಉಪ್ಪು ಹರವಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ, ಆಮೇಲೆ ತಟ್ಟೆ ಇಡಬಹುದು. 20 ನಿಮಿಷ ಹಿಡಿಯುತ್ತದೆ. ಅಂಚು ಕೆಂಪಾಗಿ ನಡುವೆ ಇನ್ನೂ ಹಸಿಯಂತೆ ಕಂಡಾಗಲೇ ತೆಗೆಯಿರಿ. ಆರಿದಂತೆ ಗಟ್ಟಿಯಾಗುತ್ತವೆ. ಹೋಟೆಲಿನವರ ಗುಟ್ಟು ಇಷ್ಟೇ.

"ಅಜ್ಜಿ, ಅಲ್ಲಿದ್ದುಕ್ಕಿಂತ ಸಣ್ಣ ಆಗ್ಯಾವ" ಎಂದು ಹುಡುಗ ತಕರಾರು ತೆಗೆದ, ನಾಲ್ಕು ತಿಂದ ಮೇಲೆ. ಹೊತ್ತು ಮುಳುಗುವುದರೊಳಗೆ ಅತ್ತೆಯವರೂ ಒಂದು ಬಾಯಿಗೆ ಹಾಕಿಕೊಂಡರು. ಹಲ್ಲಿಗೆ ತ್ರಾಸಾಗಲಿಲ್ಲವಂತೆ, ನಾಳೆಗೊಂದು ತೆಗೆದಿಡಲು ಹೇಳಿದರು.