ಹೊಗೆಯ ಲೆಕ್ಕ, ನ್ಯಾಯದ ಲೆಕ್ಕ

ಹವಾಮಾನದ ವಿಚಾರ ವಿಜ್ಞಾನಿಗಳಿಗಿರಲಿ, ಧರ್ಮಸಭೆಗೆ ಅದರ ಗೊಡವೆ ಏಕೆ ಎಂದು ಕೇಳುವವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಅಂಥವರು ವೀರಭದ್ರನ್ ರಾಮನಾಥನ್ ಅವರ ಜೀವನವನ್ನೊಮ್ಮೆ ಅವಲೋಕಿಸುವುದು ಒಳಿತು.

ತಮಿಳುನಾಡಿನಲ್ಲಿ ಜನಿಸಿದ ಇವರು ಬಾಲ್ಯದಲ್ಲೇ ಬೆಂಗಳೂರಿಗೆ ಬಂದವರು. ಮುಂದೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ವ್ಯಾಸಂಗ ಮಾಡಿದವರು. ಅದಕ್ಕೂ ಮುನ್ನ ಸಿಕಂದರಾಬಾದಿನ ಕಾರ್ಖಾನೆಯೊಂದರಲ್ಲಿ ಶೈತ್ಯಯಂತ್ರಗಳಿಂದ ಅನಿಲ ಸೋರುವುದೇಕೆಂದು ಪರಿಶೀಲಿಸುವುದು ಅವರ ಉದ್ಯೋಗವಾಗಿತ್ತು. ಆ ಕ್ಲೋರೋಫ್ಲೋರೋಕಾರ್ಬನ್ ಅನಿಲದ ಒಂದು ಅಣು, ಇಂಗಾಲದ ಡೈಆಕ್ಸೈಡಿನ ಒಂದು ಅಣುವಿಗಿಂತ ಸುಮಾರು 10,000 ಪಟ್ಟು ಅಧಿಕವಾಗಿ ಭೂಮಿಯನ್ನು ಬಿಸಿಮಾಡಬಲ್ಲದೆಂದು 1975ರಲ್ಲಿ ಅಮೆರಿಕದಿಂದ ಲೋಕಕ್ಕೆ ತಿಳಿಸಿದವರೂ ಅವರೇ. ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವು ಈ ಅನಿಲಗಳಿಗೆ ಕಡಿವಾಣ ಹಾಕಿದಾಗ, ಭೂತಾಪಕ್ಕೂ ಅಷ್ಟರಮಟ್ಟಿಗೆ ತಡೆಯುಂಟಾಯಿತು.

ಹುಟ್ಟಿನಿಂದ ಹಿಂದೂಗಳಾದ ಅವರನ್ನು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯು 2004ರಲ್ಲಿ ಸದಸ್ಯರನ್ನಾಗಿ ಸ್ವೀಕರಿಸಿತು. 2014ರಲ್ಲಿ ಪೋಪ್ ಫ್ರಾನ್ಸಿಸರನ್ನು ಕೆಲವೇ ಕ್ಷಣ ಭೇಟಿಯಾದಾಗ ಅವರು ನಿವೇದಿಸಿದ್ದು ಅನಿಲಗಳ ಸೂತ್ರವನ್ನಲ್ಲ. ಮಾಲಿನ್ಯದ ಬಹುಪಾಲು ಸುಮಾರು 100 ಕೋಟಿ ಸಿರಿವಂತರದು. ಅದರ ಘೋರ ಫಲವನ್ನು ಉಣ್ಣುವವರು 300 ಕೋಟಿ ಬಡವರು ಎಂಬುದೇ ಅವರ ಮಾತಿನ ಸಾರ. ಮರುವರ್ಷ 'ಲೌದಾತೊ ಸಿ' ವಿಶ್ವಪತ್ರ ಪ್ರಕಟವಾಯಿತು. ಅದೇ ವರ್ಷ ಪ್ಯಾರಿಸ್ ಸಮ್ಮೇಳನದಲ್ಲಿ ರಾಮನಾಥನ್ ವ್ಯಾಟಿಕನ್ ನಿಯೋಗದಲ್ಲಿದ್ದರು.

ಹೀಗೆ ಪರಿಶೀಲಿಸಿದರೆ ಇದು ಬರಿಯ ಹವೆಯ ಪ್ರಶ್ನೆಯಲ್ಲ, ನೆರೆಯವರ ಪ್ರಶ್ನೆ. ನಮ್ಮದು ಬಡ ದೇಶ, ನಮ್ಮ ಪಾಲು ಅಲ್ಪ ಎಂದು ಜಾರಿಕೊಳ್ಳುವುದು ಸುಲಭ. ಆದರೆ ಒಂದೇ ಧರ್ಮಕೇಂದ್ರದಲ್ಲಿ ಹಗಲಿರುಳು ಹವಾನಿಯಂತ್ರಕ ಓಡಿಸುವ ಮನೆಯೂ ಉಂಟು. ಸೌದೆಯ ಹೊಗೆಯಲ್ಲಿ ಕೆಮ್ಮುತ್ತಾ ಗಂಜಿ ಬೇಯಿಸುವ ತಾಯಿಯೂ ಉಂಟು. ರಾಮನಾಥನ್ ಅವರು 'ಸೂರ್ಯ' ಯೋಜನೆಯ ಮೂಲಕ ಹಳ್ಳಿಯ ಒಲೆಯನ್ನು ಸುಧಾರಿಸಲು ಹೊರಟಿದ್ದು ಇಂಥ ತಾಯಂದಿರಿಗಾಗಿಯೇ. ಆ ಹೊಗೆ ಶ್ವಾಸಕೋಶವನ್ನು ಕೆಡಿಸುವುದಲ್ಲದೆ, ಅದರ ಮಸಿಯು ವಾತಾವರಣವನ್ನೂ ಕಾಯಿಸುತ್ತದೆ.

ವರ್ಷಕ್ಕೊಮ್ಮೆ ಗಿಡ ನೆಟ್ಟು ಫೋಟೋ ತೆಗೆಸಿಕೊಂಡರೆ ನಮ್ಮ ಹೊಣೆ ತೀರದು. ಹಬ್ಬದ ದೀಪಾಲಂಕಾರದ ಖರ್ಚಿನಲ್ಲಿ ಒಂದಂಶ ಉಳಿಸಿ ನೆರೆಯ ಒಂದು ಬಡ ಮನೆಗೆ ಹೊಗೆಯಿಲ್ಲದ ಒಲೆಯನ್ನು ಒದಗಿಸೋಣ. ಅನ್ಯಧರ್ಮೀಯ ವಿಜ್ಞಾನಿಯೊಬ್ಬರು ರೋಮಿಗೆ ಹೋಗಿ ಬಡವರ ಪರ ವಾದಿಸಿದರು. ಪಕ್ಕದ ಬೀದಿಗೆ ಹೋಗುವಷ್ಟಾದರೂ ನಮ್ಮಿಂದಾಗಲಿ.