ವಯಸ್ಸು ಮ್ಯಾಟರ್ ಆಗುತ್ತೆ ಸಾರ್

ಕಳೆದ ವರ್ಷ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯ್ತು. ಸ್ಟೆಂಟ್ ಹಾಕಿಸಿ ಊರಿಗೆ ಬಿಟ್ಟು ಬಂದ ವಾರಕ್ಕೇ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ವಿಡಿಯೋ ಬಂತು. ಸ್ಟೆಮ್ ಸೆಲ್ ಚುಚ್ಚಿ ಸತ್ತ ಹೃದಯವನ್ನ ಮತ್ತೆ ಬೆಳೆಸ್ತಾರಂತೆ! ಫೋನ್ ಮಾಡಿದರೆ ಲಕ್ಷಗಳ ಪ್ಯಾಕೇಜ್. ಅರವತ್ತೆಂಟಾಗಿದೆ ಅಂದೆ. "ಏಜ್ ಮ್ಯಾಟರ್ ಆಗಲ್ಲ ಸಾರ್" ಅಂದ ಆ ಕಡೆಯವನು. ಅಪ್ಪ ಆಗಲೇ ತೆಂಗಿನ ತೋಟದ ಒಂದು ತುಂಡು ಮಾರೋ ಲೆಕ್ಕದಲ್ಲಿದ್ದ.

ಮ್ಯಾಟರ್ ಆಗುತ್ತೆ ಸ್ವಾಮಿ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿ ಸೇರಿದ ಕಾರ್ಬನ್-14 ನಮ್ಮ ಕೋಶಗಳ ಡಿಎನ್‌ಎಯಲ್ಲೂ ಕೂತಿದೆ, ಒಂಥರಾ ಟೈಮ್‌ಸ್ಟ್ಯಾಂಪ್. ಅದನ್ನ ಅಳೆದು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ತಂಡ 2009ರಲ್ಲಿ ಲೆಕ್ಕ ಕೊಟ್ಟಿತು: ಇಪ್ಪತ್ತೈದರ ಹರೆಯದಲ್ಲಿ ಹೃದಯದ ಸ್ನಾಯುಕೋಶಗಳು ಹೊಸದಾಗೋದು ವರ್ಷಕ್ಕೆ ಸುಮಾರು ಶೇ. 1, ಎಪ್ಪತ್ತೈದಕ್ಕೆ ಶೇ. 0.45. ಒಂದು ದೊಡ್ಡ ಅಟ್ಯಾಕ್‌ಗೆ ಸಾಯೋ ಕೋಶಗಳು ನೂರು ಕೋಟಿ ಮುಟ್ಟಬಹುದು. ಲೆಕ್ಕ ನೀವೇ ಹಾಕಿ.

ಹೃದಯದಲ್ಲೇ ಸ್ಟೆಮ್ ಸೆಲ್ ಇದೆ ಅಂತ 2003ರಲ್ಲಿ ಸಾರಿದ್ದು ಪಿಯೆರೋ ಆನ್ವರ್ಸಾ ತಂಡ. ಜಗತ್ತೇ ನಂಬಿತು. 2014ರಲ್ಲಿ ಬೇರೆಯವರು ಇಲಿಗಳಲ್ಲಿ ಅದೇ ಕೋಶಗಳ ಬೆನ್ನುಹತ್ತಿ ನೋಡಿದರೆ, ಅವುಗಳಿಂದ ಹೊಸ ಸ್ನಾಯು ಹುಟ್ಟಿದ್ದು ಇಲ್ಲವೇನೋ ಅನ್ನುವಷ್ಟು ಕಮ್ಮಿ. 2018ರಲ್ಲಿ ಹಾರ್ವರ್ಡ್ ಮತ್ತು ಬ್ರಿಗಮ್ ಆಸ್ಪತ್ರೆ ಆತನ ಲ್ಯಾಬಿನ 31 ಪ್ರಬಂಧಗಳನ್ನ ವಾಪಸ್ ತೆಗೀರಿ ಅಂದವು. ಅಲ್ಲಿ ಅಡಿಪಾಯವೇ ಕುಸಿದಿದೆ, ಇಲ್ಲಿ ಇನ್ನೂ ಫ್ಲ್ಯಾಟ್ ಬುಕಿಂಗ್ ನಡೀತಿದೆ.

"ಅವರದೇ ಮೂಳೆಮಜ್ಜೆಯಿಂದ ತೆಗೀತೀವಿ" ಅಂದ ಅವನು. ಆ ಕೋಶಗಳಿಗೂ ಅಪ್ಪನಷ್ಟೇ ವಯಸ್ಸಲ್ಲವೇ? ಮುಪ್ಪಾದಂತೆ ಅವು ವಿಭಜನೆ ಆಗೋದು ನಿಧಾನವಾಗುತ್ತೆ, ಕೆಲವು ನಿಂತೇ ಹೋಗುತ್ತವೆ. ಹಳೇ ರಾಗಿ ಬಿತ್ತಿದರೆ ಎಷ್ಟು ಮೊಳಕೆ ಬರುತ್ತೆ ಅಂತ ಅಪ್ಪನಿಗೇ ನನಗಿಂತ ಚೆನ್ನಾಗಿ ಗೊತ್ತು.

ಸಂಶೋಧನೆ ಬೇಡ ಅಂತಲ್ಲ. ಜೀಬ್ರಾಫಿಶ್ ಕತ್ತರಿಸಿದ ಹೃದಯವನ್ನ ಬೆಳೆಸಿಕೊಳ್ಳುತ್ತೆ, ಇಲಿಮರಿಯೂ ಹುಟ್ಟಿದ ಮೊದಲ ಕೆಲವು ದಿನ. ಅದು ಯಾಕೆ ನಿಂತುಹೋಗುತ್ತೆ ಅಂತ ಹುಡುಕೋರಿಗೆ ನಮಸ್ಕಾರ. ಆದರೆ ಐಸಿಎಂಆರ್ 2017ರ ಮಾರ್ಗಸೂಚಿ ಪ್ರಕಾರ ರಕ್ತಸಂಬಂಧಿ ಕಾಯಿಲೆಗಳ ಕಸಿ ಬಿಟ್ಟರೆ ಸ್ಟೆಮ್ ಸೆಲ್ ಇನ್ನೂ ಪ್ರಯೋಗ ಮಾತ್ರ. ಪ್ರಯೋಗಕ್ಕೆ ರೋಗಿಯ ಹತ್ರ ದುಡ್ಡು ಕೇಳೋದು ಯಾವ ಸೀಮೆಯ ನ್ಯಾಯ?

ಸಿಟ್ಟು ಅವರ ಮೇಲಷ್ಟೇ ಅಲ್ಲ, ನಮ್ಮ ಮೇಲೂ. ನೂರು ರೂಪಾಯಿ ಚಾರ್ಜರ್‌ಗೆ ಐವತ್ತು ರಿವ್ಯೂ ಓದೋ ನಾವು, ಅಪ್ಪ-ಅಮ್ಮನ ವಿಷಯ ಬಂದಾಗ ಕಾರ್ಡ್ ಉಜ್ಜಿ ಕೈ ತೊಳ್ಕೋತೀವಿ. ಊರಲ್ಲಿ ಬಿಟ್ಟು ಬಂದ ಗಿಲ್ಟ್ ಇದೆಯಲ್ಲ, ಇವರ ಬಂಡವಾಳ ಅದೇ. ನಾನೂ ಒಂದು ರಾತ್ರಿ ಪರ್ಸನಲ್ ಲೋನ್ ಆ್ಯಪ್ ತೆರೆದು ಕೂತಿದ್ದೆ.

ತೋಟ ಉಳೀತು. ಮಾತ್ರೆ ತಪ್ಪಿಸದೆ ನುಂಗ್ತಾನೆ, ಬೀಡಿ ಬಿಟ್ಟಿದ್ದಾನೆ, ಸಂಜೆ ಕೆರೆ ಏರಿ ಮೇಲೆ ನಡೀತಾನೆ. ಮಗ ದುಡ್ಡಿಗೆ ಹಿಂದೇಟು ಹಾಕಿದ ಅಂತ ಮಾತ್ರ ಇನ್ನೂ ಮುನಿಸು.