ಬೆಳೆಯುವ ಮಗಳ ತಟ್ಟೆ



ಕಬ್ಬು ಗಣಿಕೆ ಬಿಡುವ ಕಾಲದಲ್ಲಿ ನಮ್ಮ ಸಾಂಗ್ಲಿ-ಮೀರಜ ಭಾಗದ ರೈತ ನೀರು, ಗೊಬ್ಬರ ತಪ್ಪಿಸುವುದಿಲ್ಲ. ಮಕ್ಕಳ ದೇಹಕ್ಕೂ ಅಂಥ ಕಾಲವೊಂದಿದೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13, ಗಂಡುಮಕ್ಕಳಲ್ಲಿ 9ರಿಂದ 14 ವರ್ಷದೊಳಗೆ ಅದು ಶುರುವಾಗುತ್ತದೆ. ಹುಡುಗಿಗೆ ಎದೆ ಮೂಡಿ, ಎರಡು-ಮೂರು ವರ್ಷದಲ್ಲಿ ಮುಟ್ಟು ಬರುತ್ತದೆ. ಹುಡುಗನ ದನಿ ಒಡೆಯುತ್ತದೆ. ನಿದ್ದೆಯಲ್ಲಿ ವೀರ್ಯ ಹೋಗುವುದೂ ಉಂಟು. ಇವು ರೋಗವಲ್ಲ, ಪಾಪವೂ ಅಲ್ಲ. ದೇವರು ಇಟ್ಟ ಕ್ರಮ.

ಈ ಕಾಲದಲ್ಲಿ ದೇಹಕ್ಕೆ ಹೆಚ್ಚು ಕಬ್ಬಿಣಾಂಶ ಬೇಕು. ಮುಟ್ಟಿನಲ್ಲಿ ರಕ್ತ ಹೋಗುವುದರಿಂದ ಹುಡುಗಿಗೆ ಇನ್ನೂ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ, ಹುಡುಗರಲ್ಲಿ 31. ಆದರೂ ಎಷ್ಟೋ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದೇ ಮಗಳ ಪಾಲು. ಇದನ್ನು ತಾಯಿಯ ಗುಟ್ಟಿನ ಕೆಲಸವೆಂದು ತಂದೆ ಬಿಟ್ಟುಬಿಡಬಾರದು.

ಸಜ್ಜೆ ರೊಟ್ಟಿ, ಮೊಳಕೆ ಕಾಳು, ತಪ್ಪಲ ಪಲ್ಯ, ಶೇಂಗಾ ಕೊಡಿರಿ. ಮೇಲೆ ಲಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಸಾಧ್ಯವಿದ್ದವರು ಮೊಟ್ಟೆ, ಮಾಂಸ, ಮೀನು ಕೊಡಬಹುದು. ಊಟದ ಜೊತೆ ಚಹಾ ಬೇಡ. ಅದು ಕಬ್ಬಿಣಾಂಶವನ್ನು ತಡೆಯುತ್ತದೆ. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ನುಂಗಲಿ. ಮಲ ಕಪ್ಪಾದರೆ ಹೆದರಬೇಕಿಲ್ಲ. ಮುಟ್ಟಿನ ಬಟ್ಟೆಯನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲೇ ಒಣಗಿಸಲಿ, ಕತ್ತಲೆ ಮೂಲೆಯಲ್ಲಿ ಅಲ್ಲ.

ಡಾ. ವಾನ್ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದಂದಿನಿಂದ ಮೀರಜ ವೈದ್ಯರ ಊರು. ದೂರದವರೂ ಇಲ್ಲಿಗೆ ಬರುತ್ತಾರೆ. ಇಲ್ಲಿಯವರೇ ನಾಚಿಕೊಂಡು ಮನೆಯಲ್ಲಿ ಕೂರುವುದು ಸರಿಯೇ? ರಕ್ತಸ್ರಾವ ಏಳು ದಿನ ದಾಟಿದರೆ, ನೋವಿನಿಂದ ಶಾಲೆ ತಪ್ಪುತ್ತಿದ್ದರೆ, 15 ತುಂಬಿದರೂ ಮುಟ್ಟು ಬಾರದಿದ್ದರೆ ವೈದ್ಯರಿಗೆ ತೋರಿಸಿರಿ.

ಮುಟ್ಟಾದವಳು ದೇವಾಲಯಕ್ಕೆ ಬರಬಾರದೆಂದು ಕೆಲವರು ಇನ್ನೂ ತಿಳಿದಿದ್ದಾರೆ. ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯ ಓದಿರಿ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದವಳು ತನ್ನನ್ನು ಮುಟ್ಟಿದಾಗ ಯೇಸುಸ್ವಾಮಿ ಗದರಲಿಲ್ಲ. ಮಗಳೇ ಎಂದು ಕರೆದರು. ಅದೇ ಅಧ್ಯಾಯದಲ್ಲಿ ಯಾಯೀರನ ಹನ್ನೆರಡು ವರ್ಷದ ಮಗಳನ್ನು ಎಬ್ಬಿಸಿದ ಮೇಲೆ ಮನೆಯವರಿಗೆ ಹೇಳಿದ್ದು ಒಂದೇ ಕೆಲಸ: ಅವಳಿಗೆ ಊಟ ಕೊಡಿ ಎಂದು.

ಆ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ.